ಮುದುಕಿಗೆ ಊಟ ಹಾಕುವ ದೊಡ್ಡಮ್ಮ

ನಮ್ಮ ಬೀದಿಯಲ್ಲಿ ಬೆಳಗಾಗುವುದು ಸೂರ್ಯನಿಂದಲ್ಲ, ದೊಡ್ಡಮ್ಮನಿಂದ. ಇದನ್ನು ಎಲ್ಲರ ಹತ್ತಿರವೂ ಹೇಳಿ ಹೇಳಿ ಬೈಸಿಕೊಂಡಿದ್ದೇನೆ, ಆದರೂ ಬಿಡುವವಳಲ್ಲ. ಕೆಳಗೆ ಅವಳ ಬೇಕರಿ, ಮೇಲೆ ನಮ್ಮ ಮನೆ. ಕಿಟಕಿಯ ಗಾಜು ಇನ್ನೂ ಬೂದಿ ಬಣ್ಣದಲ್ಲಿರುವಾಗಲೇ ನೆಲದ ಹಲಗೆಗಳ ಸಂದಿಯಿಂದ ಬಿಸಿ ಬ್ರೆಡ್ಡಿನ ವಾಸನೆ ಮೇಲೇರಿ ಬರುತ್ತದೆ. ಮೊದಲು ಹಾಸಿಗೆಗೆ, ಆಮೇಲೆ ಹೊದಿಕೆಗೆ, ಆಮೇಲೆ ಕನಸಿನೊಳಕ್ಕೆ. ಎಷ್ಟೋ ಸಲ ನಾನು ಕನಸಿನಲ್ಲೇ ಅರ್ಧ ಬ್ರೆಡ್ ತಿಂದು, ಮಿಕ್ಕರ್ಧಕ್ಕೆ ಎದ್ದು ಕೆಳಗೆ ಇಳಿದಿದ್ದೇನೆ.

ದೊಡ್ಡಮ್ಮ ಎಂದರೆ ನಮ್ಮಮ್ಮನ ಅಕ್ಕ. ಮೂವರು ಅಕ್ಕತಂಗಿಯರಲ್ಲಿ ಹಿರಿಯವಳು. ನಡುವಿನವಳು ನಮ್ಮಮ್ಮ. ಕಿರಿಯವಳು ಚಿಕ್ಕಮ್ಮ, ಹೊಳೆಯ ಆಚೆ ದಡದಲ್ಲಿ ಇರುವವಳು. ಅವಳ ವಿಷಯಕ್ಕೆ ಆಮೇಲೆ ಬರುತ್ತೇನೆ. ದೊಡ್ಡಮ್ಮ ಮದುವೆ ಆಗಲಿಲ್ಲ. ಯಾಕೆ ಅಂತ ಕೇಳಿದರೆ, "ಹಿಟ್ಟು ನಾದೋಷ್ಟರಲ್ಲಿ ವಯಸ್ಸು ಆಗೋಯ್ತು ಕಣೆ, ನೋಡಿದ್ರೆ ಗಂಡುಗಳೆಲ್ಲ ಖಾಲಿ" ಅನ್ನುತ್ತಾಳೆ. ಕನ್ನಡಕದ ಒಂದು ಕಾಲು ಮುರಿದಿದೆ, ಅದಕ್ಕೆ ದಾರ ಕಟ್ಟಿ ಕಿವಿಗೆ ಸುತ್ತಿಕೊಂಡಿರುತ್ತಾಳೆ. ಮೊಣಕೈವರೆಗೆ ಯಾವಾಗಲೂ ಹಿಟ್ಟು. ಅವಳು ಕೈ ಬೀಸಿ ಮಾತಾಡಿದರೆ ಬೆಳಕಿನಲ್ಲಿ ಸಣ್ಣ ಮೋಡಗಳು ಏಳುತ್ತವೆ, ಮಾತು ಮುಗಿದ ಮೇಲೂ ತೇಲುತ್ತಿರುತ್ತವೆ.

ಅವಳ ದಿನ ಶುರುವಾಗುವುದು ಹೀಗೆ. ದೊಡ್ಡ ಓವನ್ನಿನ ಕಬ್ಬಿಣದ ಬಾಗಿಲ ಮೇಲೆ ಅಂಗೈ ಇಟ್ಟು ನಿಲ್ಲುತ್ತಾಳೆ. ಓವನ್ ಇನ್ನೂ ಹೊತ್ತಿಸಿರುವುದಿಲ್ಲ, ತಣ್ಣಗಿರುತ್ತದೆ. ಕಣ್ಣು ಮುಚ್ಚಿ, ಪಕ್ಕದ ಕೋಣೆಯಲ್ಲಿರುವ ಯಾರನ್ನೋ ಕೇಳುವ ಹಾಗೆ ಕೇಳುತ್ತಾಳೆ:

"ಇವತ್ತೇನಪ್ಪಾ?"

ಆಮೇಲೆ ಸುಮ್ಮನೆ ಕಾಯುತ್ತಾಳೆ. ಸ್ವಲ್ಪ ಹೊತ್ತಾದ ಮೇಲೆ, "ಆಯ್ತಪ್ಪಾ" ಅಂದು ಬೆಂಕಿ ಹೊತ್ತಿಸುತ್ತಾಳೆ. ಇಷ್ಟೇ ಅವಳ ಬೆಳಗಿನ ಪ್ರಾರ್ಥನೆ. ಚರ್ಚಿನಲ್ಲಿ ಉದ್ದುದ್ದ ಪ್ರಾರ್ಥನೆ ಮಾಡುವವರನ್ನು ನಾನು ನೋಡಿದ್ದೇನೆ, ನಮ್ಮ ಪಾಸ್ಟರ್ ಸಹ ಒಮ್ಮೆ ಶುರು ಮಾಡಿದರೆ ಮಕ್ಕಳು ನಿದ್ದೆ ಹೋಗುತ್ತವೆ. ದೊಡ್ಡಮ್ಮನದು ಎರಡೇ ಮಾತು, ಒಂದು ಪ್ರಶ್ನೆ, ಒಂದು ಒಪ್ಪಿಗೆ. ನಡುವಿನ ಮೌನದಲ್ಲಿ ಏನಾಗುತ್ತದೋ ಅದು ಅವಳಿಗೂ ದೇವರಿಗೂ ಬಿಟ್ಟಿದ್ದು.

"ದೇವ್ರು ನಿಜವಾಗ್ಲೂ ಮಾತಾಡ್ತಾನಾ ದೊಡ್ಡಮ್ಮ?" ಅಂತ ಒಮ್ಮೆ ಕೇಳಿದೆ.

"ರೇಡಿಯೋ ಥರ ಅಲ್ಲ ಕಣೆ. ಮನೇಲಿ ದೊಡ್ಡೋರು ಒಂದ್ಸಲ ನಮ್ಮ ಕಡೆ ನೋಡಿದ್ರೆ ಗೊತ್ತಾಗಲ್ವಾ, ಏನು ಮಾಡಬೇಕು ಅಂತ. ಹಾಗೆ."

"ತಪ್ಪಾಗಿ ತಿಳ್ಕೊಂಡ್ರೆ?"

"ತಿಳ್ಕೊಂಡಿದೀನಿ. ಹೋಗಿ ಟೈರ್ ಅಂಗಡಿಯವನನ್ನ ಕೇಳು."

ಆ ಕತೆ ಬೀದಿಗೆಲ್ಲ ಗೊತ್ತು. ಒಂದು ಬೆಳಿಗ್ಗೆ ದೊಡ್ಡಮ್ಮನಿಗೆ ಟೈರ್ ಅಂಗಡಿಯವನು ಬಹಳ ದುಃಖದಲ್ಲಿದ್ದಾನೆ, ಹೋಗಿ ನೋಡು ಅಂತ ಅನ್ನಿಸಿತಂತೆ. ಬನ್ನು ಕಟ್ಟಿಕೊಂಡು ಹೋಗಿ ಬಾಗಿಲು ಬಡಿದಳು, ಬಡಿದೇ ಬಡಿದಳು. ಅವನು ದುಃಖದಲ್ಲಿ ಇರಲಿಲ್ಲ, ಗಾಢ ನಿದ್ದೆಯಲ್ಲಿದ್ದ. ಎದ್ದ ಮೇಲೆ ಮಾತ್ರ ಸ್ವಲ್ಪ ದುಃಖವಾಯಿತು. "ಅಮ್ಮಾ, ನಿಮ್ಮ ದೇವ್ರಿಗೆ ಹೇಳಿ, ಭಾನುವಾರ ಸ್ವಲ್ಪ ಲೇಟಾಗಿ ಕಳಿಸ್ಲಿ" ಅಂದನಂತೆ. ಇಬ್ಬರೂ ಮೆಟ್ಟಿಲ ಮೇಲೆ ಕೂತು ಬನ್ನು ತಿಂದರು. ದೊಡ್ಡಮ್ಮನಿಗೆ ಒಂಚೂರೂ ನಾಚಿಕೆ ಇಲ್ಲ. "ಎಲ್ಲಾ ಸಲ ಸರಿಯಾಗಿ ಕೇಳಿಸ್ಕೊಳ್ಳೋಕೆ ನನ್ನದೇನು ದೇವದೂತರ ಕಿವಿನಾ? ಹೋಗು ಅಂದ ಹಾಗಾಯ್ತು, ಹೋದೆ" ಅನ್ನುತ್ತಾಳೆ.

ಅವಳ ವಿಧೇಯತೆ ಎಲ್ಲ ಇಂಥದೇ, ಸಣ್ಣದು. ನಿನ್ನೆಯ ಬ್ರೆಡ್ಡನ್ನು ಬೇರೆ ಬುಟ್ಟಿಯಲ್ಲಿಟ್ಟು, ಕೇಳದೇ ಇದ್ದವರಿಗೂ "ಇದು ನಿನ್ನೇದು" ಅನ್ನುತ್ತಾಳೆ. ಯಾರಾದರೂ ಯಾರ ಮನೆಯ ಮಾತನ್ನಾದರೂ ತಂದರೆ, ಇವಳು ಹಿಟ್ಟನ್ನು ಎತ್ತೆತ್ತಿ ಹಲಗೆಗೆ ಬಡಿಯತೊಡಗುತ್ತಾಳೆ. ಆ ಸದ್ದಿನಲ್ಲಿ ಚಾಡಿ ಮಾತು ಹೇಳುವವರಿಗೇ ಕೇಳಿಸುವುದಿಲ್ಲ. ದರ್ಜಿಯ ಹೆಂಡತಿ ಅದಕ್ಕೇ ನಮ್ಮ ಬೇಕರಿಗೆ ಬರುವುದನ್ನು ಕಡಿಮೆ ಮಾಡಿದ್ದಾಳೆ. ತಿಂಗಳ ಮೊದಲ ಭಾನುವಾರ ಚರ್ಚಿನ ಪ್ರಭುಭೋಜನಕ್ಕೆ, ಅಂದರೆ ಆರಾಧನೆಯಲ್ಲಿ ಎಲ್ಲರೂ ಒಂದೊಂದು ಚೂರು ಹಂಚಿಕೊಂಡು ತಿನ್ನುವುದಕ್ಕೆ, ರೊಟ್ಟಿ ಮಾಡುವವಳೂ ಇವಳೇ, ಅಜ್ಜಿಯ ಕಾಲದಿಂದ ಬಂದ ಕೆಲಸ. ಆ ದಿನ ಓವನ್ ಬಾಗಿಲ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಾಳೆ.

ಇನ್ನು ಮುದುಕಿಯ ವಿಷಯ ಹೇಳಬೇಕು. ಅವಳಿಲ್ಲದೆ ಈ ಕತೆ ಉಬ್ಬುವುದಿಲ್ಲ.

ಮುದುಕಿ ಅಂದರೆ ಒಂದು ಗಾಜಿನ ಜಾಡಿ. ಒಳಗೆ ಹುಳಿಹಿಟ್ಟು, ಬೇಕರಿಯ ಎಲ್ಲ ಬ್ರೆಡ್ಡಿಗೂ ತಾಯಿ. ಅಂಗಡಿಯಲ್ಲಿ ಸಿಗುವ ಈಸ್ಟ್ ಪ್ಯಾಕೆಟ್ಟನ್ನು ದೊಡ್ಡಮ್ಮ ಮುಟ್ಟಿಲ್ಲ. ಈ ಹಿಟ್ಟು ಜೀವಂತ. ಗುಳ್ಳೆ ಬಿಡುತ್ತದೆ, ಉಸಿರಾಡುತ್ತದೆ, ಬಿಸಿಲು ಜಾಸ್ತಿ ಆದರೆ ಮುಚ್ಚಳ ತಳ್ಳಿಕೊಂಡು ಹೊರಗೆ ಬಂದು ನೋಡುತ್ತದೆ. ಅಜ್ಜಿ, ಅಂದರೆ ಈ ಮೂವರ ಅಮ್ಮ, ಹುಡುಗಿಯಾಗಿದ್ದಾಗಲೇ ಅದು ಇತ್ತಂತೆ. ತನಗಿಂತ ವಯಸ್ಸಾದವಳು ಅಂತ ಅಜ್ಜಿಯೇ ಅದಕ್ಕೆ ಮುದುಕಿ ಅಂತ ಹೆಸರಿಟ್ಟಳು. ಅಂದಿನಿಂದ ನಮ್ಮ ಮನೆಯಲ್ಲಿ ದಿನದ ಮೊದಲ ಮಾತೇ, "ಮುದುಕಿಗೆ ಊಟ ಆಯ್ತಾ?" ಒಮ್ಮೆ ಹೊಸದಾಗಿ ಬಂದ ಪೋಸ್ಟ್‌ಮ್ಯಾನ್ ಇದನ್ನು ಕೇಳಿ, ಪಾಪ, ಒಳಗೆ ಯಾರೋ ಹಾಸಿಗೆ ಹಿಡಿದಿದ್ದಾರೆ ಅಂದುಕೊಂಡು ವಾರಗಟ್ಟಲೆ ಮೆಲ್ಲಗೆ ಬೆಲ್ ಬಾರಿಸುತ್ತಿದ್ದ.

ಮುದುಕಿಗೆ ಊಟ ಹಾಕುವ ಒಂದು ಕ್ರಮ ಇದೆ. ಪ್ರತಿ ಬೆಳಿಗ್ಗೆ ಜಾಡಿಯಿಂದ ಅರ್ಧ ಹಿಟ್ಟು ತೆಗೆಯಬೇಕು. ಉಳಿದ ಅರ್ಧಕ್ಕೆ ಹೊಸ ಹಿಟ್ಟು, ನೀರು ಕೊಡಬೇಕು. ತೆಗೆಯದೇ ಬರೀ ತಿನ್ನಿಸುತ್ತಾ ಹೋದರೆ ಜಾಡಿ ಸಾಲದು, ಮನೆಯೂ ಸಾಲದು. ಸಂಜೆಯೊಳಗೆ ಅರ್ಧ ಮತ್ತೆ ಪೂರ್ತಿಯಾಗಿ ನಿಂತಿರುತ್ತದೆ. ತೆಗೆದ ಅರ್ಧವನ್ನು ದೊಡ್ಡಮ್ಮ ಮುಚ್ಚಳದ ಡಬ್ಬಿಗೆ ಸುರಿದು ಹಿತ್ತಲ ಬಾಗಿಲ ಹೊರಗೆ ಇಡುತ್ತಾಳೆ. ಅಮ್ಮ ಅದನ್ನು ಕಸಕ್ಕೆ ಹಾಕಿ, ಡಬ್ಬಿ ತೊಳೆದು ವಾಪಸು ಇಡುತ್ತಾಳೆ. ನಾನು ಬುದ್ಧಿ ಬಂದಾಗಿನಿಂದ ನೋಡುತ್ತಿರುವುದು ಇದೇ.

ಇನ್ನೊಂದನ್ನೂ ನೋಡುತ್ತಿದ್ದೆ, ಆದರೆ ಯೋಚಿಸಿರಲಿಲ್ಲ. ಆ ಅರ್ಧವನ್ನು ಡಬ್ಬಿಗೆ ಸುರಿಯುವ ಹೊತ್ತಿಗೆ ದೊಡ್ಡಮ್ಮ ನಲ್ಲಿಯನ್ನು ಪೂರ್ತಿ ತಿರುಗಿಸುತ್ತಿದ್ದಳು. ಕೆಳಗೆ ಪಾತ್ರೆ ಇರುತ್ತಿರಲಿಲ್ಲ, ತೊಳೆಯಲು ಏನೂ ಇರುತ್ತಿರಲಿಲ್ಲ. ಬರೀ ಸದ್ದು. ಸುರಿದಾದ ಮೇಲೆ ನಲ್ಲಿ ನಿಲ್ಲಿಸುತ್ತಿದ್ದಳು. ಪ್ರತಿ ಹನಿಯನ್ನೂ ಜೋಪಾನ ಮಾಡುವ ಹೆಂಗಸು.

ಒಂದು ಶನಿವಾರ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರಲಿಲ್ಲ. ಎಲ್ಲೋ ಪೈಪ್ ಒಡೆದಿತ್ತಂತೆ. ನಾನು ಅವತ್ತು ವಾಸನೆ ಏಳುವ ಮೊದಲೇ ಇಳಿದು ಬಂದಿದ್ದೆ. ಹೊರಗೆ ಮಂಜು ಕಿಟಕಿಗೆ ಮುಖ ಒತ್ತಿಕೊಂಡು ನಿಂತಿತ್ತು. ದೊಡ್ಡಮ್ಮ ಒಂದು ಕೈಯಲ್ಲಿ ಜಾಡಿ ಎತ್ತಿ, ಇನ್ನೊಂದು ಕೈಯಲ್ಲಿ ನಲ್ಲಿ ತಿರುಗಿಸಿದಳು. ನಲ್ಲಿ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಬೇಕರಿಯಲ್ಲಿ ಒಂದು ಸದ್ದೂ ಇಲ್ಲ. ಆ ಮೌನದಲ್ಲಿ ಹಿಟ್ಟು ಡಬ್ಬಿಗೆ ಬೀಳುವುದು ಕೇಳಿಸಿತು, ಮೆತ್ತಗೆ, ಉದ್ದಕ್ಕೆ, ಯಾರೋ ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ.

ದೊಡ್ಡಮ್ಮ ಜಾಡಿಯನ್ನು ಹಲಗೆಯ ಮೇಲಿಟ್ಟು, ಹಿಟ್ಟಿನ ಮೂಟೆಯ ಮೇಲೆ ಕುಸಿದು ಕೂತಳು.

"ಏನಾಯ್ತು ದೊಡ್ಡಮ್ಮ? ತಲೆ ಸುತ್ತುತ್ತಾ?"

"ಇಲ್ಲ." ಅವಳು ಡಬ್ಬಿಯನ್ನೇ ನೋಡುತ್ತಿದ್ದಳು. "ಕೇಳಿಸ್ತು."

"ಏನು?"

"ದಿನಾ ಹೇಳ್ತಾನೆ ಕಣೆ. ಇದನ್ನ ಸುರಿಯೋ ಹೊತ್ತಿಗೇ ಹೇಳ್ತಾನೆ. ತಂಗಿಗೆ ಕೊಡು, ಅಂತ. ನಾನು ನಲ್ಲಿ ಬಿಡ್ತೀನಿ."

ಆಮೇಲೆ ಆ ಮೂಟೆಯ ಮೇಲೆ ಕೂತೇ ಹೇಳಿದಳು. ನನಗೆ ಗೊತ್ತಿದ್ದದ್ದು ಇಷ್ಟೇ: ದೊಡ್ಡಮ್ಮನಿಗೂ ಚಿಕ್ಕಮ್ಮನಿಗೂ ಮಾತಿಲ್ಲ. ಅಮ್ಮ ವಾರ ವಾರ ಸೇತುವೆ ದಾಟಿ ಚಿಕ್ಕಮ್ಮನನ್ನು ನೋಡಿ ಬರುತ್ತಾಳೆ, ಬಂದ ಮೇಲೆ ದೊಡ್ಡಮ್ಮ ಏನೂ ಕೇಳುವುದಿಲ್ಲ, ಆದರೆ ಅಮ್ಮ ಪಾತ್ರೆಗಳಿಗೆ ಹೇಳುವ ಹಾಗೆ ಎಲ್ಲ ಸುದ್ದಿಯನ್ನೂ ಗಟ್ಟಿಯಾಗಿ ಹೇಳುತ್ತಾಳೆ. ಕಾರಣ ಯಾರೂ ಹೇಳಿರಲಿಲ್ಲ. ಕಾರಣ ಈ ಜಾಡಿ.

ಅಜ್ಜಿ ಕೊನೆಯ ದಿನಗಳಲ್ಲಿ ಚಿಕ್ಕಮ್ಮನ ಕೈ ಹಿಡಿದು, "ಮುದುಕಿ ನಿನಗೆ" ಅಂದಳಂತೆ. ದೊಡ್ಡಮ್ಮ ಬಿಸಿನೀರು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. "ಅಷ್ಟು ವರ್ಷ ಅಮ್ಮನ ಜೊತೆ ನಿಂತು ಬೆಂದೋಳು ನಾನು. ಅವಳು ಬಂದು ಬಂದು ಹೋಗ್ತಿದ್ದೋಳು. ಆ ಮಾತು ಕೇಳಿ ನನ್ನ ಎದೆ ಒಳಗೆ ಏನೋ ಹುಳಿ ಬಂತು, ಹೋಗ್ಲೇ ಇಲ್ಲ." ಸಮಾಧಿ ಮಾಡಿ ಬಂದ ಮೇಲೆ ಚಿಕ್ಕಮ್ಮ ಖಾಲಿ ಜಾಡಿ ಹಿಡಿದು ಬೇಕರಿ ಬಾಗಿಲಿಗೆ ಬಂದಳು. ದೊಡ್ಡಮ್ಮ ಹೊಸ್ತಿಲಲ್ಲೇ ನಿಂತು, "ಮುದುಕಿ ಸತ್ತೋದ್ಳು. ಈ ಗಲಾಟೆಲಿ ಯಾರೂ ಊಟ ಹಾಕ್ಲಿಲ್ಲ" ಅಂದುಬಿಟ್ಟಳು.

"ಸುಳ್ಳಾ?" ಅಂದೆ. ದೊಡ್ಡಮ್ಮನ ಬಾಯಲ್ಲಿ ಸುಳ್ಳು ಅಂದರೆ ನನಗೆ ಮಂಜಿನೊಳಗಿನಿಂದ ಹಡಗು ಬಂದಷ್ಟು ಆಶ್ಚರ್ಯ.

"ಸುಳ್ಳು. ಅದೂ ಎಂಥಾ ದಡ್ಡ ಸುಳ್ಳು ಅಂತೀಯ. ಮಾರನೇ ದಿನ ಅದೇ ಬ್ರೆಡ್ ಮಾರಾಟಕ್ಕೆ ಇಟ್ಟಿದೀನಿ. ಅವಳು ಯಾರ ಕೈಲೋ ಒಂದು ತರಿಸಿ ತಿಂದಿದಾಳೆ. ನಮ್ಮ ನಾಲಿಗೆಗೆ ಗೊತ್ತಾಗಲ್ವಾ? ಅವತ್ತಿಂದ ಈ ಕಡೆ ಸೇತುವೆ ದಾಟಿಲ್ಲ."

ಆಮೇಲೆ ಅವಳೇ ನಕ್ಕಳು, ಚೆನ್ನಾಗಿಲ್ಲದ ನಗು. "ನೋಡು ಮಗಳೇ, ಕೊಟ್ರೆ ನನಗೇನೂ ಕಡಿಮೆ ಆಗ್ತಿರ್ಲಿಲ್ಲ. ಬೆಳಿಗ್ಗೆ ಅರ್ಧ ತೆಗೆದ್ರೆ ಸಂಜೆಗೆ ತುಂಬ್ಕೊಳ್ಳುತ್ತೆ. ಇಷ್ಟು ವರ್ಷ ದಿನಾ ಅರ್ಧ ಕಸಕ್ಕೆ ಹಾಕ್ದೆ. ಕಸಕ್ಕೆ ಹಾಕಿದ್ನೇ ಹೊರತು ಅವಳಿಗೆ ಕೊಡ್ಲಿಲ್ಲ."

ಎದ್ದು ಹೋಗಿ ತಣ್ಣಗಿನ ಓವನ್ ಬಾಗಿಲ ಮೇಲೆ ಅಂಗೈ ಇಟ್ಟಳು. ಪ್ರಶ್ನೆ ಕೇಳಲಿಲ್ಲ. ನೇರವಾಗಿ, "ಆಯ್ತಪ್ಪಾ" ಅಂದಳು. "ನಾಳೆ ಹೋಗ್ತೀನಿ. ಪ್ರಭುಭೋಜನದ ರೊಟ್ಟಿ ಬೇಯಿಸಿ, ಮೊದಲು ಅವಳ ಮನೆ, ಆಮೇಲೆ ಚರ್ಚು."

ಆ ಶನಿವಾರ ಇಡೀ ದಿನ ಬೇಕರಿ ಒಂದು ಥರದ ಗುಂಗಿನಲ್ಲಿತ್ತು. ದೊಡ್ಡಮ್ಮ ಹಾಡಿದಳು. ಅವಳ ಹಾಡು ಚೆನ್ನಾಗಿರುವುದಿಲ್ಲ, ಆದರೂ ಗಿರಾಕಿಗಳು ಸ್ವಲ್ಪ ಹೊತ್ತು ನಿಂತು ಹೋದರು. ತಂಗಿಗೆ ಕೊಡುವುದು ಚೂರುಪಾರು ಆಗಬಾರದು, ದಂಡಿಯಾಗಿ ಕೊಡಬೇಕು ಅಂತ ಅವಳ ಆಸೆ. ಅದಕ್ಕೇ ಅವತ್ತು ಅರ್ಧ ತೆಗೆದು ಹೊರಗೆ ಇಡಲಿಲ್ಲ. ಡಬ್ಬಿಗೆ ಸುರಿದದ್ದನ್ನೂ ವಾಪಸು ಜಾಡಿಗೆ ಸೇರಿಸಿ, ಎಲ್ಲವನ್ನೂ ದೊಡ್ಡ ಬೋಗುಣಿಗೆ ಹಾಕಿ, ಎರಡು ಸಲ ಊಟ ಕೊಟ್ಟಳು. ಸಂಜೆ ಚಳಿ ಹೆಚ್ಚಾಯಿತು. ಚಳಿಯಲ್ಲಿ ಹಿಟ್ಟು ಸೋಮಾರಿ ಆಗುತ್ತದೆ. ಬೇಕರಿಯಲ್ಲಿ ದೊಡ್ಡದರ ಪಕ್ಕ ಒಂದು ಸಣ್ಣ ಓವನ್ ಇದೆ, ಪ್ರಭುಭೋಜನದ ರೊಟ್ಟಿಗೆ ಮಾತ್ರ ಉಪಯೋಗಿಸುವುದು. ಆರಿಸಿದ ಮೇಲೂ ಅದರ ಒಳಗೆ ಬೆಚ್ಚಗಿರುತ್ತದೆ. ಬೋಗುಣಿಗೆ ಬಟ್ಟೆ ಹೊದಿಸಿ, ತೊಟ್ಟಿಲಲ್ಲಿ ಮಗು ಮಲಗಿಸುವ ಹಾಗೆ ಅದರೊಳಗಿಟ್ಟು ಬಾಗಿಲು ಹಾಕಿದಳು.

"ಚೆನ್ನಾಗಿ ನಿದ್ದೆ ಮಾಡಮ್ಮ ಮುದುಕಿ, ನಾಳೆ ನಿನ್ನ ಸವಾರಿ ಇದೆ" ಅಂದಳು.

ಭಾನುವಾರ ಬೆಳಿಗ್ಗೆ ನನ್ನ ಕನಸಿಗೆ ಬಂದ ವಾಸನೆ ಬೇರೆಯಾಗಿತ್ತು. ಕನಸಿನಲ್ಲಿ ಹೊಳೆಯ ಮೇಲೆ ಬ್ರೆಡ್ಡುಗಳು ತೇಲಿಕೊಂಡು ಹೋಗುತ್ತಿದ್ದವು, ಹತ್ತಿರ ಬಂದಾಗ ನೋಡಿದರೆ ಎಲ್ಲ ಕಪ್ಪು. ಎದ್ದು ಓಡಿ ಇಳಿದೆ.

ದೊಡ್ಡಮ್ಮ ಸಣ್ಣ ಓವನ್ನಿನ ಮುಂದೆ ನೆಲದ ಮೇಲೆ ಕೂತಿದ್ದಳು. ಮಡಿಲಲ್ಲಿ ಬೋಗುಣಿ. ರೊಟ್ಟಿ ಹಾಕುವ ಮೊದಲು ಓವನ್ ಕಾಯಿಸಬೇಕಲ್ಲ, ಅಷ್ಟು ವರ್ಷದ ಅಭ್ಯಾಸ. ಕೈ ತನ್ನಷ್ಟಕ್ಕೆ ಹೋಗಿ ಹೊತ್ತಿಸಿತ್ತು. ತಲೆ ಸೇತುವೆಯ ಆಚೆ ಇತ್ತು. ಬೋಗುಣಿಯಲ್ಲಿ ಮುದುಕಿ ಬೆಂದು ಕಂದು ಬಣ್ಣದ ದೊಡ್ಡ ಗುಡ್ಡೆಯಾಗಿ ನಿಂತಿದ್ದಳು. ಹೊದಿಸಿದ ಬಟ್ಟೆ ಸುಟ್ಟು ಅಂಟಿಕೊಂಡಿತ್ತು. ಅವತ್ತಿನ ರೊಟ್ಟಿಗೂ ಹಿಟ್ಟು ಅದರಿಂದಲೇ ತೆಗೆಯಬೇಕಿತ್ತು.

"ಸ್ವಲ್ಪನೂ ಬೇರೆ ತೆಗೆದಿಟ್ಟಿಲ್ವಾ?" ಅಂತ ಕೇಳಿದೆ. ಕೇಳಬಾರದಿತ್ತು.

"ಯಾವಾಗ್ಲೂ ತೆಗೆದಿಡ್ತೀನಿ. ನಿನ್ನೆ ಎಲ್ಲಾ ಅವಳಿಗೋಸ್ಕರ ಅಂತ..." ಅಂದು ಸುಟ್ಟ ಬಟ್ಟೆಯ ಅಂಚನ್ನು ಬಿಡಿಸತೊಡಗಿದಳು.

ಅಮ್ಮನೂ ಇಳಿದು ಬಂದಳು. ಬಾಗಿಲಲ್ಲಿ ನಿಂತು ಬೋಗುಣಿ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡಳು. ಅತ್ತಳೋ ಏನೋ, ನನಗೆ ಸರಿಯಾಗಿ ಗೊತ್ತಾಗಲಿಲ್ಲ.

"ಅವತ್ತು ನನ್ನ ಬಾಯಿಂದ ಬಂದದ್ದು ಇವತ್ತು ನಿಜ ಆಯ್ತು" ಅಂದಳು ದೊಡ್ಡಮ್ಮ. "ಈಗ ಯಾವ ಮುಖ ಇಟ್ಕೊಂಡು ಹೋಗ್ಲಿ? ಕೊಡೋಕೇ ಏನೂ ಇಲ್ಲ. ಮುದುಕಿ ಸತ್ತೋದ್ಳು ಅಂತ ಮತ್ತೆ ಅದೇ ಮಾತು ಹೇಳಿದ್ರೆ ಅವಳು ಬಾಗಿಲು ಹಾಕ್ದೇ ಇರ್ತಾಳಾ?"

"ಹಾಗಾದ್ರೆ ಹೋಗ್ಬೇಡ" ಅಂದೆ. ಅವಳ ಮುಖ ನೋಡಲಾಗದೆ ಅಂದೆ.

ದೊಡ್ಡಮ್ಮ ಎದ್ದಳು. ಬೋಗುಣಿಯನ್ನು ಹಲಗೆಯ ಮೇಲಿಟ್ಟು, ದೊಡ್ಡ ಓವನ್ನಿನ ಹತ್ತಿರ ಹೋಗಿ, ಆ ತಣ್ಣಗಿನ ಬಾಗಿಲ ಮೇಲೆ ಕೈ ಇಟ್ಟಳು. ಕಿಟಕಿಯ ಮಂಜಿನಲ್ಲಿ ಆಗತಾನೇ ಬೆಳಕು ಹಾಲಿನ ಹಾಗೆ ಕದಡುತ್ತಿತ್ತು.

"ಇವತ್ತೇನಪ್ಪಾ?"

ಕಾದಳು. ನಾವೂ ಕಾದೆವು. ನಲ್ಲಿಗೆ ನೀರು ಬಂದಿತ್ತು, ಒಂದೊಂದೇ ಹನಿ ಬೀಳುತ್ತಿತ್ತು.

"ಇನ್ನೂ ಅದೇನಾ?" ಅಂದಳು, ಸ್ವಲ್ಪ ಜಗಳದ ದನಿಯಲ್ಲಿ. ಮತ್ತೆ ಸುಮ್ಮನೆ ನಿಂತಳು. ಬೆನ್ನು ಮಾತ್ರ ಕಾಣುತ್ತಿತ್ತು, ಹಿಟ್ಟು ಮೆತ್ತಿದ ಅಗಲವಾದ ಬೆನ್ನು. ಅದು ಮೆಲ್ಲಗೆ ಸಡಿಲವಾಯಿತು.

"ಆಯ್ತಪ್ಪಾ."

ಮುಖ ತೊಳೆದು, ಚರ್ಚಿಗೆ ಹೋಗುವ ಸೀರೆ ಉಟ್ಟು ಬಂದಳು. ಮುದುಕಿಯ ಜಾಡಿಯನ್ನು ತೊಳೆದು ಒರೆಸಿ ಚೀಲಕ್ಕೆ ಹಾಕಿಕೊಂಡಳು. ಖಾಲಿ ಜಾಡಿ ಯಾಕೆ ಅಂದರೆ, "ಅವಳು ಅವತ್ತು ಖಾಲಿ ಜಾಡಿ ಹಿಡ್ಕೊಂಡು ನನ್ನ ಬಾಗಿಲಲ್ಲಿ ನಿಂತಿದ್ಳು. ಇವತ್ತು ನಾನು ನಿಲ್ತೀನಿ" ಅಂದಳು. ಅಮ್ಮ ಅವಳ ಸೆರಗು ಸರಿಮಾಡಿ, "ಹೋಗ್ಬಾ ಅಕ್ಕ. ಖಾಲಿನೇ ಹೋಗು. ಅದೇ ಒಳ್ಳೇದು" ಅಂದಳು. ಅಮ್ಮ ತಾನು ಬರುವುದಿಲ್ಲ ಎಂದದ್ದು ನನಗೆ ವಿಚಿತ್ರ ಅನ್ನಿಸಿತು. "ಚರ್ಚಿಗೆ ಹೋಗಿ ಪಾಸ್ಟರಿಗೆ ಹೇಳ್ತೀನಿ, ರೊಟ್ಟಿ ಸ್ವಲ್ಪ ತಡ ಆಗುತ್ತೆ ಅಂತ" ಅಂದಳು.

"ತಡ ಆಗೋದಲ್ಲ, ಇಲ್ಲ ಅಂತ ಹೇಳು" ಅಂದಳು ದೊಡ್ಡಮ್ಮ.

"ತಡ ಅಂತಲೇ ಹೇಳ್ತೀನಿ" ಅಂದಳು ಅಮ್ಮ.

ಸೇತುವೆಯ ಮೇಲೆ ಮಂಜು ಎಷ್ಟು ದಟ್ಟವಾಗಿತ್ತು ಎಂದರೆ ಎರಡೂ ದಡ ಇರಲಿಲ್ಲ. ಕೆಳಗೆ ಹೊಳೆ ಇದೆ ಎನ್ನುವುದು ಬರೀ ಅದರ ಗುಣುಗುಣು ಸದ್ದಿನಿಂದ ಗೊತ್ತಾಗುತ್ತಿತ್ತು. ಕಬ್ಬಿಣದ ಕಂಬಿಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ದೊಡ್ಡಮ್ಮ ನನ್ನ ಕೈ ಹಿಡಿದಿದ್ದಳು, ಅವಳ ಕೈ ಒದ್ದೆ ಹಿಟ್ಟಿನ ಹಾಗೆ ತಣ್ಣಗಿತ್ತು. ಯಾರೋ ಸೈಕಲ್ಲಿನವನು ಎದುರಿನ ಬಿಳುಪಿನಿಂದ ಮೂಡಿ, ಬೆಲ್ ಹೊಡೆದು, ಹಿಂದಿನ ಬಿಳುಪಿನಲ್ಲಿ ಕರಗಿದ. ನಾವು ನಡೆಯುತ್ತಿದ್ದೇವೋ ಸೇತುವೆಯೇ ನಮ್ಮ ಕೆಳಗೆ ಹಿಂದಕ್ಕೆ ಸರಿಯುತ್ತಿದೆಯೋ ಹೇಳುವುದು ಕಷ್ಟವಾಗಿತ್ತು.

"ವಾಪಸ್ ಹೋಗೋಣ ಅನ್ಸುತ್ತಾ ದೊಡ್ಡಮ್ಮ?"

"ಹೆಜ್ಜೆ ಹೆಜ್ಜೆಗೂ ಅನ್ಸುತ್ತೆ. ಕಾಲಿಗೆ ಹೇಳ್ಬೇಡ, ಅದಕ್ಕಿನ್ನೂ ಗೊತ್ತಿಲ್ಲ."

ಆಚೆ ದಡದ ಬೀದಿ ಸಣ್ಣದು. ಮುಚ್ಚಿದ ಅಂಗಡಿಗಳು, ಒದ್ದೆ ಕಲ್ಲು, ಒಂದು ಕಿಟಕಿಯಲ್ಲಿ ಹಳದಿ ದೀಪ. ಚಿಕ್ಕಮ್ಮ ಅಲ್ಲಿನ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ, ಭಾನುವಾರ ರಜೆ. ಮನೆ ಬೀದಿಯ ಕೊನೆಗೆ. ಅರ್ಧ ದಾರಿಯಲ್ಲಿ ದೊಡ್ಡಮ್ಮ ನಿಂತುಬಿಟ್ಟಳು. ಮೂಗು ಎತ್ತಿದಳು. ತನ್ನ ಸೆರಗು ಮೂಸಿದಳು. ನನ್ನ ಕೂದಲು ಮೂಸಿದಳು.

"ನಮ್ಮ ವಾಸನೆ" ಅಂದಳು. "ನಮ್ಮ ಬೇಕರಿ ವಾಸನೆ ನಮ್ಮ ಹಿಂದೆನೇ ಬಂದಿದೆ."

ನನಗೂ ಬಂತು. ನನ್ನ ಪ್ರತಿದಿನದ ಕನಸಿನ ವಾಸನೆ. ಆದರೆ ಅದು ಹಿಂದಿನಿಂದ ಬರುತ್ತಿರಲಿಲ್ಲ, ಮುಂದಿನಿಂದ ಬರುತ್ತಿತ್ತು, ಹಳದಿ ದೀಪದ ಕಿಟಕಿಯಿಂದ.

ದೊಡ್ಡಮ್ಮ ಬಾಗಿಲು ತಟ್ಟಿದಳು. ತೆಗೆದದ್ದು ಚಿಕ್ಕಮ್ಮ. ದೊಡ್ಡಮ್ಮನದೇ ಮೂಗು, ದೊಡ್ಡಮ್ಮನದೇ ಹಣೆ, ಮೊಣಕೈವರೆಗೆ ಹಿಟ್ಟು. ಇಬ್ಬರೂ ಕನ್ನಡಿ ನೋಡುವವರ ಹಾಗೆ ನಿಂತರು. ದೊಡ್ಡಮ್ಮನಿಗೆ ಅಷ್ಟು ದೂರ ಹೊತ್ತುಕೊಂಡು ಬಂದ ಮಾತುಗಳೆಲ್ಲ ಮರೆತುಹೋದವು ಅಂತ ಕಾಣುತ್ತದೆ. ಚೀಲದಿಂದ ಖಾಲಿ ಜಾಡಿ ತೆಗೆದು ಹಿಡಿದಳು.

"ಮುದುಕಿ ಸತ್ತೋದ್ಳು" ಅಂದಳು.

ಚಿಕ್ಕಮ್ಮ ಜಾಡಿ ನೋಡಿದಳು, ಅಕ್ಕನನ್ನು ನೋಡಿದಳು.

"ಎಷ್ಟನೇ ಸಲ?" ಅಂದಳು.

ದೊಡ್ಡಮ್ಮ ತಲೆ ತಗ್ಗಿಸಲಿಲ್ಲ. "ಅವತ್ತು ಸುಳ್ಳು ಹೇಳ್ದೆ. ಅಮ್ಮ ನಿನಗೆ ಅಂತ ಹೇಳಿದ್ದು ನಾನೇ ಕಿವಿಯಾರೆ ಕೇಳಿದ್ದೆ. ಹೊಟ್ಟೆಕಿಚ್ಚಿಗೆ ಕೊಡ್ಲಿಲ್ಲ. ಇವತ್ತು ನಿನಗೆ ತಂದು ಕೊಡೋಣ ಅಂತ ಸಣ್ಣ ಓವನ್ನಲ್ಲಿ ಬೆಚ್ಚಗೆ ಇಟ್ಟಿದ್ದೆ, ಬೆಳಿಗ್ಗೆ ಮರೆತು ಹೊತ್ತಿಸ್ಬಿಟ್ಟೆ. ನಂಬು ಅಂತ ಕೇಳಲ್ಲ. ಕ್ಷಮಿಸು ಅಂತ ಕೇಳೋಕೆ ಬಂದೆ, ಕೇಳಿದೀನಿ. ಅಷ್ಟೇ."

"ಓವನ್ ಒಳಗೆ ಇಟ್ಟು ಓವನ್ ಹೊತ್ತಿಸ್ದೆ" ಅಂದಳು ಚಿಕ್ಕಮ್ಮ ನಿಧಾನವಾಗಿ.

"ಹೂಂ."

"ನೀನು. ನನಗೆ ಹಿಟ್ಟು ಮುಟ್ಟೋಕೂ ಬಿಡದೆ, ನಿನಗೆ ಗಮನ ಇಲ್ಲ ಇಲ್ಲ ಅಂತ ಕೈ ಮೇಲೆ ಹೊಡೀತಿದ್ದೋಳು."

"ಹೂಂ ಕಣೆ. ನಾನೇ."

ಚಿಕ್ಕಮ್ಮ ತಿರುಗಿ ಒಳಗೆ ಹೋದಳು. ಬಾಗಿಲು ಹಾಕಲಿಲ್ಲ, ಒಳಗೆ ಬನ್ನಿ ಅಂತಲೂ ಹೇಳಲಿಲ್ಲ. ನಾವು ಹೊಸ್ತಿಲ ಹೊರಗೇ ನಿಂತೆವು, ಮಂಜು ನಮ್ಮ ಬೆನ್ನಿಗೆ ಒರಗಿಕೊಂಡಿತ್ತು. ದೊಡ್ಡಮ್ಮ ಜಾಡಿಯನ್ನು ಎದೆಗೆ ಒತ್ತಿಕೊಂಡಿದ್ದಳು. ಒಳಗೆ ಒಂದು ಕುರ್ಚಿ ಎಳೆದ ಸದ್ದು, ಮೇಲಿನ ಕಪಾಟಿನಿಂದ ಏನೋ ಇಳಿಸಿದ ಸದ್ದು.

ಚಿಕ್ಕಮ್ಮ ಬಂದಾಗ ಅವಳ ಕೈಯಲ್ಲಿ ಒಂದು ಜಾಡಿ ಇತ್ತು. ಒಳಗೆ ಹಿಟ್ಟು. ಗುಳ್ಳೆ ಬಿಡುತ್ತಿತ್ತು. ಮುಚ್ಚಳ ಸ್ವಲ್ಪ ಎತ್ತಿಕೊಂಡು ಹೊರಗೆ ನೋಡುತ್ತಿತ್ತು.

ದೊಡ್ಡಮ್ಮ ಮೂಸಿ ನೋಡಬೇಕಿರಲಿಲ್ಲ. ಆದರೂ ಬಗ್ಗಿ ಮೂಸಿದಳು. ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಹೇಗೆ?"

"ನಡುವಿನ ಅಕ್ಕ" ಅಂದಳು ಚಿಕ್ಕಮ್ಮ. "ನೀನು ಕಸಕ್ಕೆ ಅಂತ ಹೊರಗೆ ಇಡೋದನ್ನ ಮೊದಲನೇ ವಾರವೇ ಊಟದ ಡಬ್ಬಿಲಿ ತಂದುಕೊಟ್ಳು. ಅವಳೇನು ಅದನ್ನ ಕಸಕ್ಕೆ ಹಾಕ್ತಾಳಾ, ಅಮ್ಮನ ಹಿಟ್ಟು ಅದು."

ಅಮ್ಮ. ಸೆರಗು ಬಾಯಿಗೆ ಒತ್ತಿಕೊಂಡು ನಿಂತ ನಮ್ಮಮ್ಮ. ಅವಳು ಅತ್ತದ್ದಲ್ಲ, ನಕ್ಕದ್ದು ಅಂತ ನನಗೆ ಆಗ ಗೊತ್ತಾಯಿತು.

"ಇಷ್ಟು ವರ್ಷ ನಿನ್ನ ಹತ್ರ ಇತ್ತು" ಅಂದಳು ದೊಡ್ಡಮ್ಮ. "ಮತ್ತೆ ಯಾಕೆ ಕೋಪ ಮಾಡ್ಕೊಂಡು ಕೂತೆ?"

"ಹಿಟ್ಟಿಗೇನು ಕೋಪ ಮಾಡ್ಕೊಂಡೆ ಅಂದ್ಕೊಂಡ್ಯಾ? ಹೊಸ್ತಿಲಲ್ಲಿ ನಿಲ್ಲಿಸಿ ಕಳಿಸಿದ್ಯಲ್ಲ, ಅದಕ್ಕೆ." ಚಿಕ್ಕಮ್ಮ ಜಾಡಿಯ ಮುಚ್ಚಳ ಒತ್ತಿ ಮುಚ್ಚಿದಳು. "ನೀನು ಬರ್ತೀಯ ಅಂತ ಕಾದೆ. ನಾನೇ ಬರಬಹುದಿತ್ತು. ನಾನೂ ನಿನ್ನ ತಂಗಿನೇ ಅಲ್ವಾ, ಹಟ ಎಲ್ಲಿ ಹೋಗುತ್ತೆ."

ದೊಡ್ಡಮ್ಮ ಅಳುತ್ತಿದ್ದಳು. ಕನ್ನಡಕದ ದಾರ ಒದ್ದೆಯಾಗಿ ಜಾರಿ, ಕನ್ನಡಕ ಒಂದು ಕಿವಿಯಿಂದ ನೇತಾಡುತ್ತಿತ್ತು. ಚಿಕ್ಕಮ್ಮ ಅದನ್ನು ತೆಗೆದು, ತನ್ನ ಸೆರಗಿನಲ್ಲಿ ಒರೆಸಿ, ಮತ್ತೆ ಅವಳ ಮೂಗಿನ ಮೇಲಿಟ್ಟಳು.

"ಈ ಕನ್ನಡಕ ಇನ್ನೂ ಸರಿ ಮಾಡಿಸಿಲ್ವಾ? ಒಳಗೆ ಬಾ. ಇಲ್ಲೇ ನಿಂತ್ಕೊಂಡು ಚಳಿಗೆ ನೀನೂ ಸತ್ತೋಗ್ಬೇಡ, ಒಂದೇ ದಿನಕ್ಕೆ ಒಬ್ಬಳು ಸಾಕು."

ಒಳಗಿನ ಅಡುಗೆಮನೆ ಚಿಕ್ಕದು, ಬೆಚ್ಚಗಿತ್ತು, ಆವಿಯಿಂದ ಗೋಡೆಗಳೇ ಮೆತ್ತಗಾದ ಹಾಗಿತ್ತು. ಓವನ್ನಿನಲ್ಲಿ ಒಂದು ಬ್ರೆಡ್ ಬೇಯುತ್ತಿತ್ತು, ಹಲಗೆಯ ಮೇಲೆ ಇನ್ನೊಂದಕ್ಕೆ ಉಬ್ಬಿದ ಹಿಟ್ಟು ಆಗಲೇ ಸಿದ್ಧವಾಗಿತ್ತು. ಭಾನುವಾರ ಭಾನುವಾರ ತನ್ನಷ್ಟಕ್ಕೆ ಬ್ರೆಡ್ ಮಾಡಿಕೊಳ್ಳುವುದು ಚಿಕ್ಕಮ್ಮನ ರೂಢಿಯಂತೆ. ದೊಡ್ಡಮ್ಮ ಅದನ್ನೇ ನೋಡುತ್ತಾ ನಿಂತಳು.

"ಪ್ರಭುಭೋಜನಕ್ಕೆ ರೊಟ್ಟಿ ಇಲ್ಲ" ಅಂದಳು. "ಇವತ್ತು ಚರ್ಚಲ್ಲಿ ಎಲ್ಲಾ ಕಾಯ್ತಿರ್ತಾರೆ."

"ಇದು ಏನು ಮತ್ತೆ? ಕಲ್ಲಾ?" ಅಂದಳು ಚಿಕ್ಕಮ್ಮ. "ಕೈ ತೊಳ್ಕೋ. ನೀನು ಆ ಕಡೆ, ನಾನು ಈ ಕಡೆ. ಒತ್ತಿ ಒತ್ತಿ ಸಾಯಿಸ್ಬೇಡ, ನಿನ್ನ ಕೈ ಭಾರ."

"ನನ್ನ ಕೈ ಭಾರ ಅಲ್ಲ. ನಿನ್ನ ಹಿಟ್ಟು ತೆಳು."

"ನೋಡು, ಬಂದ ತಕ್ಷಣ ಶುರು ಮಾಡಿದ್ಳು."

ನಾನು ಮೂಲೆಯ ಸ್ಟೂಲಿನ ಮೇಲೆ ಕೂತು ಆ ನಾಲ್ಕು ಕೈಗಳನ್ನು ನೋಡಿದೆ. ಯಾರ ಕೈ ಯಾರದು ಅಂತ ಸ್ವಲ್ಪ ಹೊತ್ತಿನ ಮೇಲೆ ಹೇಳಲಾಗಲಿಲ್ಲ. ಕಿಟಕಿಯ ಹೊರಗೆ ಮಂಜು ಎಳೆ ಎಳೆಯಾಗಿ ಬಿಚ್ಚಿಕೊಂಡು, ಮೊದಲು ಸೇತುವೆಯ ಕಂಬಿ, ಆಮೇಲೆ ಹೊಳೆ, ಆಮೇಲೆ ನಮ್ಮ ದಡ ಒಂದೊಂದಾಗಿ ವಾಪಸು ಬಂದವು.

ಚರ್ಚಿಗೆ ನಾವು ಹೋಗುವಷ್ಟರಲ್ಲಿ ಪಾಸ್ಟರ್ ಮೂರನೆಯ ಹಾಡನ್ನು ಎರಡನೆಯ ಸಲ ಹಾಡಿಸುತ್ತಿದ್ದರು. ದೊಡ್ಡಮ್ಮನೂ ಚಿಕ್ಕಮ್ಮನೂ ಬಟ್ಟೆ ಮುಚ್ಚಿದ ತಟ್ಟೆಯನ್ನು ಆ ಕಡೆ ಒಬ್ಬರು ಈ ಕಡೆ ಒಬ್ಬರು ಹಿಡಿದುಕೊಂಡು ನಡುದಾರಿಯಲ್ಲಿ ನಡೆದು ಹೋದರು. ಒಬ್ಬರೇ ಹೊರಬಹುದಾದ ತಟ್ಟೆ. ಅದರಿಂದ ಇನ್ನೂ ಆವಿ ಏಳುತ್ತಿತ್ತು. ಮುಂದಿನ ಸಾಲಿನಲ್ಲಿ ಅಮ್ಮ ಹಾಡಿನ ನಡುವೆಯೇ ಸರಿದು ಇಬ್ಬರಿಗೆ ಜಾಗ ಮಾಡಿದಳು, ಏನೂ ಗೊತ್ತಿಲ್ಲದವಳ ಹಾಗೆ ಮುಖ ಮಾಡಿಕೊಂಡು. ದೊಡ್ಡಮ್ಮ ಕೂತ ಮೇಲೆ ಅಮ್ಮನ ತೊಡೆಗೆ ಸರಿಯಾಗಿ ಒಂದು ಚಿವುಟಿದಳು.

ಈಗಲೂ ಬೆಳಿಗ್ಗೆ ಅದೇ ವಾಸನೆ ನನ್ನ ಕನಸಿಗೆ ಬರುತ್ತದೆ. ಅದಕ್ಕೂ ಮೊದಲೇ ಎದ್ದು ಕೆಳಗೆ ಇಳಿದರೆ ದೊಡ್ಡಮ್ಮ ಓವನ್ ಬಾಗಿಲ ಮೇಲೆ ಅಂಗೈ ಇಟ್ಟು ನಿಂತಿರುತ್ತಾಳೆ. ತಂಗಿ ಕೊಟ್ಟ ಅರ್ಧದಿಂದ ಬೆಳೆದ ಮುದುಕಿ ಜಾಡಿಯಲ್ಲಿ ಗುಳ್ಳೆ ಬಿಡುತ್ತಿರುತ್ತದೆ. ಪ್ರತಿದಿನ ತೆಗೆಯುವ ಅರ್ಧ ಈಗ ಹಿತ್ತಲಿಗೆ ಹೋಗುವುದಿಲ್ಲ, ಅಂಗಡಿಯ ಮುಂದಿನ ಕಿಟಕಿಯಲ್ಲಿ ಇರುತ್ತದೆ, ಯಾರು ಬೇಕಾದರೂ ಒಯ್ಯಬಹುದು. ದರ್ಜಿಯ ಹೆಂಡತಿ ಒಯ್ದಿದ್ದಾಳೆ. ಟೈರ್ ಅಂಗಡಿಯವನೂ ಒಯ್ದ. ಅವನದು ಉಬ್ಬಲಿಲ್ಲ, ಪಂಕ್ಚರ್ ಆಗಿದೆ ಅಂತ ತಾನೇ ಹೇಳಿಕೊಂಡು ತಿರುಗುತ್ತಾನೆ.

ಆ ಅರ್ಧವನ್ನು ಡಬ್ಬಿಗೆ ಸುರಿಯುವಾಗ ದೊಡ್ಡಮ್ಮ ನಲ್ಲಿ ಬಿಡುವುದಿಲ್ಲ. ಹಿಟ್ಟು ಬೀಳುವ ಆ ಮೆತ್ತನೆಯ ಸದ್ದು ಬೇಕರಿಯಲ್ಲೆಲ್ಲ ಕೇಳಿಸುತ್ತದೆ. ಅದು ಮುಗಿಯುವವರೆಗೂ ಅವಳು ತಲೆ ಸ್ವಲ್ಪ ವಾಲಿಸಿ, ದಾರ ಸುತ್ತಿದ ಕಿವಿಯನ್ನು ಆ ಕಡೆ ಕೊಟ್ಟು ನಿಂತಿರುತ್ತಾಳೆ.